ಲಾರಿಯ ಎಡಗಡೆ: ತುಮಕೂರಿನ ಸೈಕಲ್ ಸವಾರರಿಗೆ ಅಪಾಯ ಎಲ್ಲಿದೆ?

ಬಿ.ಎಚ್. ರಸ್ತೆಯಲ್ಲಿ ಸೈಕಲ್ ತುಳಿಯುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ‘ಎಡಗಡೆ ಹೋಗಪ್ಪ, ಸೈಡಲ್ಲಿ ಹೋಗು.’ ಮನೆಯಲ್ಲಿ ಅಪ್ಪ ಅಮ್ಮ ಹೇಳುತ್ತಾರೆ, ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಾರೆ, ಟ್ರಾಫಿಕ್ ಪೊಲೀಸರೂ ಹೇಳುತ್ತಾರೆ. ಮಾತು ತಪ್ಪಲ್ಲ. ಆದರೆ ಪಕ್ಕದಲ್ಲಿ ಲಾರಿ ಇದ್ದಾಗ ಆ ಎಡಗಡೆಯೇ ಎಲ್ಲಕ್ಕಿಂತ ಅಪಾಯದ ಜಾಗ. ಸೈಕಲ್ ಸವಾರ ಯಾವ ತಪ್ಪೂ ಮಾಡದೆ, ಹೇಳಿದ ಹಾಗೇ ಎಡಗಡೆ ಹೋಗುತ್ತಾ, ನೇರವಾಗಿ ಡ್ರೈವರನ ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿ ಸೇರಿಕೊಳ್ಳುತ್ತಾನೆ.

ಯಾಕೆ ಅಂತ ಬಿಡಿಸಿ ನೋಡೋಣ. ನಮ್ಮ ಲಾರಿಗಳಲ್ಲಿ ಡ್ರೈವರ್ ಸೀಟು ಬಲಗಡೆ ಇದೆ. ಬಲಗಡೆ ಕಿಟಕಿ ಅವನ ಭುಜದ ಪಕ್ಕದಲ್ಲೇ ಇರುತ್ತದೆ. ಸ್ವಲ್ಪ ಬಗ್ಗಿ ನೋಡಿದರೆ ಕೆಳಗಿನ ರಸ್ತೆ ಕಾಣುತ್ತದೆ. ಎಡಗಡೆ ಕಿಟಕಿ ಅವನ ಕಣ್ಣಿನಿಂದ ಹೆಚ್ಚುಕಡಿಮೆ ಎರಡು ಮೀಟರ್ ದೂರ. ಅವನ ಕಣ್ಣು ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿದೆ, ಎಡ ಕಿಟಕಿಯ ಕೆಳ ಅಂಚು 1.9 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಸೈಕಲ್ ಮೇಲೆ ಕೂತ ಮನುಷ್ಯನ ನೆತ್ತಿ ಸುಮಾರು ಒಂದೂವರೆ ಮೀಟರ್. ಲೆಕ್ಕ ಹಾಕಿದರೆ, ಲಾರಿಗೆ ಒಂದೂಕಾಲು ಮೀಟರಿಗಿಂತ ಹತ್ತಿರ ಇರುವವನ ತಲೆಗೂದಲೂ ಆ ಕಿಟಕಿಯಿಂದ ಕಾಣುವುದಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಇನ್ನೂ ಕುಳ್ಳಗಿರುತ್ತಾಳೆ. ಅವಳ ಪಾಲಿಗೆ ಈ ಕಾಣದ ಪಟ್ಟಿ ಇನ್ನೂ ಅಗಲ.

ಮಿರರ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಸಾಮಾನ್ಯ ಸೈಡ್ ಮಿರರ್ ತೋರಿಸುವುದು ಲಾರಿಯ ಹಿಂದಿನ ಉದ್ದದ ಒಂದು ಸೀಳನ್ನು. ಬಾಗಿಲಿನ ಬುಡದಲ್ಲಿ, ಮುಂದಿನ ಚಕ್ರದ ಪಕ್ಕದಲ್ಲಿ ಇರುವವನು ಅದರಲ್ಲಿ ಬರುವುದಿಲ್ಲ. ಅದಕ್ಕೆ ಬಾಗಿಲ ಮೇಲೆ ಕೆಳಮುಖವಾಗಿ ಹಾಕುವ ಬೇರೆಯೇ ಉಬ್ಬುಗನ್ನಡಿ ಬೇಕು. ಮಂಡಿಪೇಟೆಯಲ್ಲಿ ಸರಕು ಇಳಿಸಲು ನಿಂತ ಲಾರಿಗಳನ್ನು ಒಮ್ಮೆ ಸುಮ್ನೆ ನೋಡುತ್ತಾ ಹೋಗಿ. ಎಷ್ಟೋ ಗಾಡಿಗಳಲ್ಲಿ ಆ ಕನ್ನಡಿ ಇಲ್ಲ, ಇದ್ದದ್ದು ಒಡೆದಿದೆ, ಇಲ್ಲವೇ ಇಕ್ಕಟ್ಟಿನಲ್ಲಿ ತಾಗುತ್ತದೆ ಎಂದು ಮಡಚಿಟ್ಟಿದ್ದಾರೆ. ಗಾಜಿನ ಮೇಲೆ ದೊಡ್ಡಕ್ಷರದ ಸ್ಟಿಕ್ಕರ್, ಕೆಳಗೆ ಹೂವಿನ ಹಾರ, ಡ್ಯಾಶ್‌ಬೋರ್ಡ್ ಮೇಲೆ ದೇವರ ಪಟ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೊದಲೇ ಕಡಿಮೆ ಇರುವ ನೋಟ ಅದರಿಂದ ಇನ್ನಷ್ಟು ಕಡಿಮೆಯಾಗುತ್ತದೆ.

ಮೊದಲು ಈ ಎಡಗಡೆಗೆ ಒಂದು ಕಣ್ಣಿತ್ತು. ಕ್ಲೀನರ್. ಎಡ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಗಿಲು ತಟ್ಟಿ ‘ಬರ್ಲಿ ಬರ್ಲಿ’ ಎಂದು ಕೂಗುತ್ತಿದ್ದ ಹುಡುಗ. ಟೈರ್ ಬದಲಿಸುವುದು, ಗಾಜು ಒರೆಸುವುದು, ಟೀ ತರುವುದು ಅವನ ಕೆಲಸ ಎಂದು ನಾವು ತಿಳಿದಿದ್ದೆವು. ಊರೊಳಗೆ ಬಂದಾಗ ಅವನ ನಿಜವಾದ ಕೆಲಸ ಎಡಗಡೆ ಕಾಯುವುದು. ಈಗ ಸಂಬಳ ಉಳಿಸಲು ಬಹಳ ಲಾರಿಗಳು ಒಬ್ಬನೇ ಡ್ರೈವರ್ ಮೇಲೆ ಓಡುತ್ತವೆ. ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಡ್ರೈವರ್ ಇರಲೇಬೇಕು ಎಂಬ ನಿಯಮವನ್ನೂ 2018ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು. ಎಡ ಸೀಟು ಖಾಲಿಯಾಯಿತು. ಅದರ ಬದಲಿಗೆ ಕ್ಯಾಮೆರಾನೋ ಸೆನ್ಸರೋ ಬಂತೇ ಅಂದರೆ, ನಮ್ಮ ಊರಲ್ಲಿ ಓಡುವ ಹಳೆಯ ಟಿಪ್ಪರುಗಳಲ್ಲಿ ಅದು ಕಾಣುವುದಿಲ್ಲ.

ಕಾಣದಿರುವುದು ಅಪಾಯದ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಹಿಂದಿನ ಚಕ್ರದ ದಾರಿ. ಉದ್ದ ಏಣಿ ಹೊತ್ತವನು ಸಂದಿಯಲ್ಲಿ ತಿರುಗಿದಾಗ ಮುಂದಿನ ತುದಿ ಸಲೀಸಾಗಿ ದಾಟುತ್ತದೆ, ನಡುಭಾಗ ಗೋಡೆ ಮೂಲೆಗೆ ಉಜ್ಜುತ್ತದೆ. ಲಾರಿಯೂ ಹಾಗೇ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಚಕ್ರ 9 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 5 ಮೀಟರ್ ಅಂತರ ಇದೆ ಎಂದಿಟ್ಟುಕೊಳ್ಳಿ. ಆಗ ಹಿಂದಿನ ಚಕ್ರ ಓಡುವುದು ಏಳೂವರೆ ಮೀಟರ್ ತ್ರಿಜ್ಯದಲ್ಲಿ. ಅಂದರೆ ಒಂದೂವರೆ ಮೀಟರ್ ಒಳಕ್ಕೆ. ಸೈಕಲ್ ಹ್ಯಾಂಡಲ್ ಅಗಲ ಅರವತ್ತು ಸೆಂಟಿಮೀಟರ್ ಆಸುಪಾಸು. ಮುಂದಿನ ಚಕ್ರ ಪಕ್ಕದಲ್ಲಿ ಹಾದುಹೋದಾಗ ‘ಜಾಗ ಬೇಕಾದಷ್ಟಿದೆ’ ಅನಿಸಿದ್ದು ಎರಡು ಮೂರು ಸೆಕೆಂಡಿನಲ್ಲಿ ಪೂರ್ತಿ ಮಾಯವಾಗುತ್ತದೆ.

ಇದಕ್ಕೆ ಸೇರಿಕೊಳ್ಳುವ ಇನ್ನೊಂದು ಸಂಗತಿ ಇದೆ. ಇಕ್ಕಟ್ಟಾದ ತಿರುವಿನಲ್ಲಿ ಎಡಕ್ಕೆ ಹೋಗಬೇಕಾದ ಲಾರಿ ಮೊದಲು ಬಲಕ್ಕೆ ವಾಲುತ್ತದೆ. ತಿರುಗಲು ಜಾಗ ಮಾಡಿಕೊಳ್ಳಲು ಡ್ರೈವರ್ ಹಾಗೆ ಮಾಡಲೇಬೇಕು. ಹಿಂದಿನಿಂದ ಬರುವ ಸೈಕಲಿನವನಿಗೆ ಕಾಣುವುದು ಬೇರೆ: ಲಾರಿ ಬಲಕ್ಕೆ ಹೋಯಿತು, ಎಡಗಡೆ ದಾರಿ ಬಿಟ್ಟಿತು.

ಗುಬ್ಬಿ ಗೇಟ್ ಹತ್ತಿರ ಒಂದು ಸಂಜೆ ಇದನ್ನು ಕಣ್ಣಾರೆ ನೋಡಿದೆ. ಜಲ್ಲಿ ತುಂಬಿದ ಹತ್ತು ಚಕ್ರದ ಟಿಪ್ಪರ್ ರಿಂಗ್ ರೋಡಿಗೆ ತಿರುಗುತ್ತಿತ್ತು. ಗಾರೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಒಬ್ಬರು ಎಡಗಡೆ ಸೈಕಲ್ ಮೇಲೆ ಬಂದರು. ಹ್ಯಾಂಡಲಿಗೆ ಸಿಮೆಂಟ್ ಹತ್ತಿದ ಚೀಲ, ಅದರಿಂದ ಕರಣೆಯ ಹಿಡಿ ಹೊರಗೆ ಚಾಚಿತ್ತು. ಟಿಪ್ಪರ್ ಬಲಕ್ಕೆ ವಾಲಿತು, ಅವರು ಆ ಸಂದಿಗೆ ಬಂದರು. ಮುಂದಿನ ಚಕ್ರ ಎಡಕ್ಕೆ ತಿರುಗಿತು. ಅಲ್ಲಿಂದ ಹಿಂದಿನ ಜೋಡಿ ಚಕ್ರಗಳು ಅವರ ಕಡೆಗೇ ಬರತೊಡಗಿದವು. ಅವಸರವೇ ಇಲ್ಲ, ನಡೆಯುವವರ ವೇಗ ಅಷ್ಟೇ. ಎಡಕ್ಕೆ ಹೋಗೋಣವೆಂದರೆ ಚರಂಡಿಯ ಕಲ್ಲು ಚಪ್ಪಡಿ, ಅದರ ಮೇಲೆ ಯಾರದೋ ಬೈಕು. ಅವರು ಸೈಕಲ್ ಬಿಟ್ಟು ಚಪ್ಪಡಿಯ ಮೇಲೆ ನೆಗೆದರು. ಹಿಂದಿನ ಚಕ್ರ ಸೈಕಲಿನ ಮೇಲೆ ಹತ್ತಿತು. ಜನ ಕೂಗಿ, ಬಾಡಿ ತಟ್ಟಿದ ಮೇಲೆ ಲಾರಿ ನಿಂತಿತು. ಡ್ರೈವರ್ ಇಳಿದು ಬಂದು ಚಪ್ಪಟೆಯಾದ ಸೈಕಲ್ ನೋಡಿ ಬಿಳಿಚಿಕೊಂಡ. ‘ಕಾಣ್ಲೇ ಇಲ್ಲ ಅಣ್ಣಾ’ ಎಂದ. ಸುತ್ತ ನಿಂತವರು ಅವನಿಗೆ ಬೈದರು. ನಾನು ಅವನ ಮಾತು ನಂಬುತ್ತೇನೆ. ಅವನಿಗೆ ನಿಜಕ್ಕೂ ಕಂಡಿರಲಿಲ್ಲ. ನಾವು ಯೋಚಿಸಬೇಕಾದದ್ದು ಇದನ್ನೇ.

ಅಪಘಾತ ಎಂದ ಕೂಡಲೇ ನಮ್ಮ ತಲೆಗೆ ಬರುವುದು ವೇಗ. ಕ್ಯಾತ್ಸಂದ್ರದ ಕಡೆ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಬೈಪಾಸಿನಲ್ಲಿ ಅದು ನಿಜ. ಅಲ್ಲಿ ಲಾರಿ ಪಕ್ಕದಲ್ಲಿ ಹಾದರೆ ಗಾಳಿಯೇ ಮೊದಲು ಆಚೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ರಾತ್ರಿ ರೇಡಿಯಂ ಇಲ್ಲದ ಸೈಕಲ್ ಹೆಡ್‌ಲೈಟಿಗೆ ಸಿಗುವ ಹೊತ್ತಿಗೆ ತಡವಾಗಿರುತ್ತದೆ. ಆದರೆ ಊರೊಳಗಿನ ಲಾರಿ ಅಪಾಯ ಬೇರೆ ಜಾತಿಯದು. ಅದು ನಿಧಾನವಾಗಿ ಬರುತ್ತದೆ, ತಿರುವಿನಲ್ಲಿ ಬರುತ್ತದೆ, ಸಿಗ್ನಲ್ ಬಿಟ್ಟ ಮೊದಲ ಐದು ಸೆಕೆಂಡಿನಲ್ಲಿ ಬರುತ್ತದೆ. ‘ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿಗೆ ಇದನ್ನು ತಡೆಯುವ ಶಕ್ತಿ ಇಲ್ಲ.

ಈ ಮಾತಿಗೆ ಅಂಕಿಅಂಶದ ಆಸರೆ ಲಂಡನ್‌ನಿಂದ ಸಿಗುತ್ತದೆ. ದೂರದ ಊರಾದರೂ ಅದು ನಮಗೆ ಸರಿಯಾದ ಉದಾಹರಣೆ. ಅಲ್ಲೂ ವಾಹನಗಳು ಎಡಗಡೆಯೇ ಹೋಗುತ್ತವೆ, ಡ್ರೈವರ್ ಬಲಗಡೆಯೇ ಕೂರುತ್ತಾನೆ. 2015ರಿಂದ 2017ರ ನಡುವೆ ಲಂಡನ್‌ನಲ್ಲಿ ವಾಹನಗಳು ಓಡಿದ ಒಟ್ಟು ದೂರದಲ್ಲಿ ಭಾರೀ ಲಾರಿಗಳ ಪಾಲು ಶೇ 4. ಸೈಕಲ್ ಸವಾರರ ಪ್ರಾಣ ತೆಗೆದ ಡಿಕ್ಕಿಗಳಲ್ಲಿ ಅವುಗಳ ಪಾಲು ಶೇ 63. ಅಲ್ಲಿನ ಆಡಳಿತ ಸೈಕಲಿನವರಿಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ, ಲಾರಿಯನ್ನೇ ಬದಲಿಸಲು ಹೊರಟಿತು. ಕ್ಯಾಬಿನ್‌ನಿಂದ ಬರಿಗಣ್ಣಿಗೆ ಎಷ್ಟು ಕಾಣುತ್ತದೆ ಎಂದು ಅಳೆದು ಪ್ರತಿ ಲಾರಿಗೂ ಸೊನ್ನೆಯಿಂದ ಐದರವರೆಗೆ ಸ್ಟಾರ್ ಕೊಟ್ಟರು. 2021ರ ಮಾರ್ಚಿನಿಂದ 12 ಟನ್ ಮೀರಿದ ಲಾರಿಗೆ ಊರೊಳಗೆ ಬರಲು ಪರ್ಮಿಟ್ ಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮಟ್ಟ ಇನ್ನೂ ಏರಿತು. ಮೂರು ಸ್ಟಾರ್ ಇಲ್ಲದಿದ್ದರೆ ಎಡಗಡೆ ಇರುವವರನ್ನು ಪತ್ತೆ ಹಚ್ಚುವ ಸೆನ್ಸರ್, ಕ್ಯಾಮೆರಾ ಹಾಕಿಸಲೇಬೇಕು.

ನಮ್ಮಲ್ಲಿ 2022ರಲ್ಲಿ ದೇಶಾದ್ಯಂತ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಸೈಕಲ್ ಸವಾರರು ಶೇ 3ರ ಆಸುಪಾಸು. ಕಡಿಮೆ ಅನಿಸಬಹುದು. ಒಂದು ವರ್ಷದಲ್ಲಿ ಐದು ಸಾವಿರದ ಹತ್ತಿರ ಮನೆಗಳ ಲೆಕ್ಕ ಅದು. ಸೈಕಲ್ ತುಳಿಯುವವರು ಯಾರು ಎಂದು ನೋಡಿದರೆ ಅದರ ಭಾರ ತಿಳಿಯುತ್ತದೆ. ತುಮಕೂರಿನಲ್ಲಿ ಅದು ವಾರಾಂತ್ಯದ ಹವ್ಯಾಸ ಅಲ್ಲ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು, ಹೋಟೆಲ್ ಕೆಲಸದವರು, ಅಂತರಸನಹಳ್ಳಿ ಮತ್ತು ಹಿರೇಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟಿಗೆ ಹೋಗುವ ವಾಚ್‌ಮನ್‌ಗಳು, ಗಾರೆ ಕೆಲಸದವರು. ಬಸ್ ಚಾರ್ಜ್ ಉಳಿದರೆ ಅದು ಮನೆಯ ಖರ್ಚಿಗೆ ಆಗುತ್ತದೆ ಎನ್ನುವವರು. ಮತ್ತೆ ಶಾಲೆ ಮಕ್ಕಳು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ಮಾಡಿದ ಒಳ್ಳೆಯ ಯೋಜನೆ ಅದು. ಕೋವಿಡ್ ಬಂದಾಗ ನಿಂತಿತು. ಸೈಕಲ್ ಕೊಟ್ಟ ಸರ್ಕಾರ ಅದನ್ನು ಓಡಿಸಲು ಸುರಕ್ಷಿತ ದಾರಿ ಕೊಡಲಿಲ್ಲ ಎಂಬ ಬೇಸರ ನನಗೆ ಆಗಲೂ ಇತ್ತು, ಈಗಲೂ ಇದೆ.

ಬೈಪಾಸ್ ಇದೆಯಲ್ಲ, ಲಾರಿಗಳು ಊರೊಳಗೆ ಯಾಕೆ ಬರುತ್ತವೆ? ಬೆಂಗಳೂರಿನಿಂದ ಶಿರಾ, ಚಿತ್ರದುರ್ಗದ ಕಡೆ ಹೋಗುವವು ಬೈಪಾಸಿನಲ್ಲೇ ಹೋಗುತ್ತವೆ. ಊರೊಳಗೆ ಬರುವುದು ಊರಿಗೆ ಬೇಕಾದ ಸರಕು. ಮಂಡಿಪೇಟೆಯ ಅಕ್ಕಿ, ಬೇಳೆ. ಬಟವಾಡಿ ಎಪಿಎಂಸಿ ಯಾರ್ಡಿನ ಮೂಟೆಗಳು. ಎಲ್ಲ ಬಡಾವಣೆಗಳಲ್ಲೂ ಏಳುತ್ತಿರುವ ಮನೆಗಳಿಗೆ ಎಂ ಸ್ಯಾಂಡ್, ಜಲ್ಲಿ, ಇಟ್ಟಿಗೆ. ಜೊತೆಗೆ ನೀರಿನ ಟ್ಯಾಂಕರ್, ಕಸದ ಲಾರಿ. ಬೈಪಾಸ್ ಕಟ್ಟಿದ ಮಾತ್ರಕ್ಕೆ ಇವು ಎಲ್ಲಿಗೂ ಹೋಗುವುದಿಲ್ಲ. ಊರು ಬೆಳೆದಷ್ಟೂ ಜಾಸ್ತಿ ಆಗುತ್ತವೆ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ವರ್ಷಗಟ್ಟಲೆ ರಸ್ತೆ ಅಗೆದು ಕಟ್ಟುವ ಕೆಲಸ ನಡೆಯಿತು. ಆ ಕೆಲಸದ ಮಣ್ಣು, ಕಾಂಕ್ರೀಟ್ ಹೊತ್ತದ್ದೂ ಟಿಪ್ಪರುಗಳೇ.

ಲಾರಿ ಓಡಿದರೆ ಒಂದು ತೊಂದರೆ, ನಿಂತರೆ ಇನ್ನೊಂದು. ಅಂಗಡಿ ಮುಂದೆ ಅರ್ಧ ರಸ್ತೆಗೆ ಲಾರಿ ನಿಲ್ಲಿಸಿದಾಗ ಸೈಕಲಿನವನು ಅದನ್ನು ಬಳಸಿಕೊಂಡು ರಸ್ತೆ ಮಧ್ಯಕ್ಕೆ ಬರಬೇಕು. ಅದೇ ಹೊತ್ತಿಗೆ ಹಿಂದಿನಿಂದ ಸಿಟಿ ಬಸ್ಸು. ರಾತ್ರಿ ಪಾರ್ಕಿಂಗ್ ಲೈಟ್ ಹಾಕದೆ ನಿಂತ ಲಾರಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ.

ಈಗ ಕಾನೂನಿನ ಕಡೆ ನೋಡೋಣ. ಲಾರಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ ಪಕ್ಕದಲ್ಲಿ ಅಡ್ಡಡ್ಡ ಕಬ್ಬಿಣದ ಪಟ್ಟಿ ಇರುತ್ತದೆ, ಗಮನಿಸಿದ್ದೀರಾ? ಅದು ಸೈಡ್ ಗಾರ್ಡ್. ಬಿದ್ದವನು ಲಾರಿಯ ಅಡಿಗೆ ಉರುಳದೆ ಆಚೆ ತಳ್ಳಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ನಮ್ಮ ದೇಶದಲ್ಲೂ ಭಾರದ ಸರಕು ವಾಹನಗಳಿಗೆ ಇದನ್ನು ನಿಯಮದಲ್ಲಿ ಸೇರಿಸಿದ್ದಾರೆ. ಐಎಸ್ 14682 ಎಂಬ ಮಾನಕವೇ ಇದೆ. ಬ್ರಿಟನ್‌ನಲ್ಲಿ ಇದು ಬಂದ ಮೇಲೆ, ಲಾರಿ ನೇರ ಹೋಗುತ್ತಾ ಪಕ್ಕದಿಂದ ಸೈಕಲಿಗೆ ಉಜ್ಜಿದ ಅಪಘಾತಗಳಲ್ಲಿ ಸಾವು ಶೇ 61ರಷ್ಟು ಇಳಿಯಿತು. ಒಂದು ಕಬ್ಬಿಣದ ಪಟ್ಟಿಗೆ ಇದು ಸಣ್ಣ ಫಲವಲ್ಲ. ಆದರೆ ಎಡಕ್ಕೆ ತಿರುಗುವ ಅಪಘಾತದಲ್ಲಿ ಅದರ ಉಪಯೋಗ ಅಷ್ಟಿಲ್ಲ ಎಂಬುದನ್ನೂ ಹೇಳಬೇಕು. ತಿರುವಿಗೆ ಕನ್ನಡಿಯೋ ಕ್ಯಾಮೆರಾನೋ ಬೇಕು, ನೇರ ರಸ್ತೆಗೆ ಸೈಡ್ ಗಾರ್ಡ್ ಬೇಕು.

ರಸ್ತೆಯಲ್ಲಿ ಅದು ಹೇಗಿದೆ? ಎಷ್ಟೋ ಲಾರಿಗಳಲ್ಲಿ ಬಗ್ಗಿದೆ, ಒಂದು ಬೋಲ್ಟ್ ಮೇಲೆ ನೇತಾಡುತ್ತಿದೆ, ಇಲ್ಲವೇ ರಿಪೇರಿಗೆ ಅಡ್ಡ ಎಂದು ಬಿಚ್ಚಿಟ್ಟಿದ್ದಾರೆ. ಎಂಟು ವರ್ಷದೊಳಗಿನ ಲಾರಿಗೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯವಾಗಿದೆ ಎಂಬ ಸರ್ಟಿಫಿಕೇಟ್, ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಫ್‌ಸಿ ದಿನ ಸರಿಯಿದ್ದದ್ದು ಉಳಿದ ದಿನಗಳಲ್ಲೂ ಸರಿಯಿದೆಯೇ ಎಂದು ನೋಡಬೇಕಾದದ್ದು ರಸ್ತೆಯಲ್ಲೇ. ರಸ್ತೆಯಲ್ಲಿ ಲಾರಿ ತಡೆದಾಗ ಕೇಳುವುದು ಪರ್ಮಿಟ್, ಇನ್ಶೂರೆನ್ಸ್, ಓವರ್‌ಲೋಡ್. ಎಡಗಡೆ ಕನ್ನಡಿ ಇದೆಯೇ, ಸೈಡ್ ಗಾರ್ಡ್ ಗಟ್ಟಿ ಇದೆಯೇ ಎಂದು ಬಗ್ಗಿ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಓವರ್‌ಲೋಡ್ ವಿಷಯಕ್ಕೆ ಬಂದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಮೂರು ಆಕ್ಸಲ್‌ನ ಲಾರಿ ಲೋಡ್ ಸೇರಿ 28.5 ಟನ್ ತೂಗಬಹುದು ಎಂದು 2018ರಲ್ಲೇ ಮಿತಿ ಏರಿಸಿದ್ದರು. ಅದಕ್ಕೂ ಮೀರಿ ತುಂಬಿದ ಟಿಪ್ಪರಿಗೆ ಬ್ರೇಕ್ ಹಾಕಿದ ಕೂಡಲೇ ನಿಲ್ಲು ಅಂದರೆ ನಿಲ್ಲುತ್ತದೆಯೇ? ಪಾಲಿಕೆ ವ್ಯಾಪ್ತಿಯಲ್ಲಿ ಸರಕು ವಾಹನಕ್ಕೆ ಕೇಂದ್ರದ ಗರಿಷ್ಠ ಮಿತಿ ಗಂಟೆಗೆ 60 ಕಿಲೋಮೀಟರ್. ಆ ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಶಾಲೆ, ಮಾರುಕಟ್ಟೆ ಇರುವ ರಸ್ತೆಗೆ ಇದು ತೀರಾ ಹೆಚ್ಚು. ಇದಕ್ಕಿಂತ ಕಡಿಮೆ ಮಿತಿ ಹಾಕಲು ಸ್ಥಳೀಯವಾಗಿ ಅವಕಾಶ ಇದೆ.

ಡ್ರೈವರುಗಳ ಕಷ್ಟ ಬಿಟ್ಟು ಈ ಮಾತು ಮುಗಿಸಿದರೆ ಅನ್ಯಾಯವಾಗುತ್ತದೆ. ಟಿಪ್ಪರ್ ಓಡಿಸುವ ಬಹಳ ಜನಕ್ಕೆ ದುಡಿಮೆ ಟ್ರಿಪ್ ಲೆಕ್ಕದಲ್ಲಿ. ಕ್ರಷರ್‌ನಲ್ಲಿ ಸಾಲು, ಊರಲ್ಲಿ ಜಾಮ್. ಕಳೆದ ಸಮಯವನ್ನು ರಸ್ತೆಯಲ್ಲೇ ಹಿಂದಕ್ಕೆ ಗಳಿಸಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಎಂದೇ ಹೇಳುತ್ತಿತ್ತು. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರ ಬಳಿ ಅದನ್ನು ಯಾರು ಕೇಳಬೇಕಿತ್ತು? 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಬೇಸಿಗೆಯಲ್ಲಿ ಇಂಜಿನ್ ಪಕ್ಕ ಬೇಯುವ ಡ್ರೈವರಿಗೆ ಇದು ಬಹಳ ಹಿಂದೆಯೇ ಸಿಗಬೇಕಿತ್ತು. ಆದರೆ ಕಿಟಕಿ ಮುಚ್ಚಿದ ಮೇಲೆ ಸೈಕಲ್ ಬೆಲ್ಲು, ಜನರ ಕೂಗು ಒಳಗೆ ಕೇಳುವುದಿಲ್ಲ. ಎಸಿ ಕಡ್ಡಾಯ ಮಾಡುವಾಗಲೇ ಎಡಗಡೆಯ ಕ್ಯಾಮೆರಾನೂ ಕಡ್ಡಾಯ ಮಾಡಬಹುದಿತ್ತು, ಅಲ್ವಾ?

ಊರ ಮಟ್ಟದಲ್ಲಿ ಆಗುವ ಕೆಲಸ ಸಮಯ ಬೇರೆ ಮಾಡುವುದು. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಒಂದು ರಸ್ತೆಯಲ್ಲಿ, ಒಂದು ಹೊತ್ತಿನಲ್ಲಿ, ಒಂದು ಬಗೆಯ ವಾಹನ ಬರಬಾರದು ಎಂದು ಆದೇಶ ಮಾಡಬಹುದು. ಬೆಳಗ್ಗೆ 8ರಿಂದ 10, ಸಂಜೆ 4ರಿಂದ 6.30. ಮಕ್ಕಳು ಮತ್ತು ಕೂಲಿ ಕೆಲಸದವರು ರಸ್ತೆಯಲ್ಲಿರುವ ಹೊತ್ತು ಇದು. ಈ ಹೊತ್ತಿನಲ್ಲಿ ಬಿ.ಎಚ್. ರಸ್ತೆ, ಅಶೋಕ ರಸ್ತೆ, ಮಂಡಿಪೇಟೆ ಸುತ್ತ ಭಾರೀ ಲಾರಿ ಬೇಡ. ವರ್ತಕರು ಒಪ್ಪುವುದಿಲ್ಲ ಎಂಬ ಮಾತು ಬರುತ್ತದೆ. ಅವರ ತೊಂದರೆ ಸುಳ್ಳಲ್ಲ. ರಾತ್ರಿ ಲೋಡ್ ಇಳಿಸಬೇಕಾದರೆ ಹಮಾಲರಿಗೆ ರಾತ್ರಿ ಕೂಲಿ ಕೊಡಬೇಕು, ಮಳಿಗೆಗೆ ಕಾವಲು ಬೇಕು. ಹಾಗಾಗಿ ಇಡೀ ದಿನದ ನಿಷೇಧ ಕೇಳುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನಾಲ್ಕೂವರೆ ಗಂಟೆ ಬಿಟ್ಟುಕೊಟ್ಟರೆ ಮಂಡಿ ಮುಚ್ಚುವುದಿಲ್ಲ. ತುರ್ತು ಸರಕಿಗೆ ಟಾಟಾ ಏಸ್‌ನಂಥ ಸಣ್ಣ ಗಾಡಿ ಇವೆ. ಊರ ಹೊರಗೆ ಲಾರಿ ನಿಂತು ಕಾಯಲು ಜಾಗ, ಶೌಚಾಲಯ, ನೀರು ಮಾತ್ರ ಕೊಡಲೇಬೇಕು. ಅದಿಲ್ಲದೆ ನಿಷೇಧ ಹಾಕಿದರೆ ಲಾರಿಗಳು ಹೆದ್ದಾರಿ ಪಕ್ಕ ಸಾಲಾಗಿ ನಿಲ್ಲುತ್ತವೆ, ಅಪಾಯ ಅಲ್ಲಿಗೆ ಹೋಗುತ್ತದೆ.

ಸಿಗ್ನಲ್ಲುಗಳಲ್ಲಿ ಇನ್ನೊಂದು ಅಗ್ಗದ ಉಪಾಯ ಇದೆ. ವಾಹನಗಳ ಸ್ಟಾಪ್ ಲೈನನ್ನು ಮೂರು ನಾಲ್ಕು ಮೀಟರ್ ಹಿಂದಕ್ಕೆ ಎಳೆದು, ಮುಂದಿನ ಜಾಗ ಸೈಕಲಿಗೆ ಬಿಡುವುದು. ಲಾರಿಯ ಎಡ ಬಾಗಿಲ ಬುಡದಲ್ಲಿ ನಿಲ್ಲುವ ಬದಲು ಸವಾರ ಗಾಜಿನ ಮುಂದೆ, ಡ್ರೈವರಿಗೆ ಕಾಣುವ ಹಾಗೆ ನಿಲ್ಲುತ್ತಾನೆ. ಬರೀ ಬಣ್ಣದಿಂದ ಇದು ಆಗುವುದಿಲ್ಲ. ಒಬ್ಬ ಪೊಲೀಸ್ ನಿಂತು ಕೆಲವು ವಾರ ಅಭ್ಯಾಸ ಮಾಡಿಸಬೇಕು. ಇಲ್ಲದಿದ್ದರೆ ಆ ಜಾಗವನ್ನು ಬೈಕುಗಳೂ ಆಟೋಗಳೂ ತುಂಬುತ್ತವೆ.

ಇಷ್ಟೆಲ್ಲ ಆಗುವವರೆಗೆ ನಾಳೆ ಬೆಳಗ್ಗೆ ಸೈಕಲ್ ಹತ್ತುವವರು ಏನು ಮಾಡಬೇಕು? ನಿಂತ ಅಥವಾ ನಿಧಾನವಾಗುತ್ತಿರುವ ಲಾರಿಯ ಎಡಗಡೆಯಿಂದ ನುಗ್ಗಬೇಡಿ, ಎಷ್ಟೇ ಜಾಗ ಕಂಡರೂ. ಹಿಂದೆಯೇ ನಿಲ್ಲಿ. ತಿರುವಿನ ಹತ್ತಿರ ಲಾರಿ ಬಲಕ್ಕೆ ವಾಲಿದರೆ ಅದು ಎಡಕ್ಕೆ ಬರಲಿದೆ ಎಂದೇ ತಿಳಿಯಿರಿ. ಇಂಡಿಕೇಟರ್ ನಂಬಬೇಡಿ. ಮಿರರ್‌ನಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುತ್ತಿಲ್ಲ. ಸಿಕ್ಕಿಕೊಂಡೇ ಬಿಟ್ಟರೆ ಸೈಕಲ್ ಉಳಿಸಲು ಹೋಗಬೇಡಿ, ಬಿಟ್ಟು ಪಕ್ಕಕ್ಕೆ ನೆಗೆಯಿರಿ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಲಂಡನ್ ಪೊಲೀಸರು ಸೈಕಲ್ ಸವಾರರನ್ನೇ ಲಾರಿಯ ಡ್ರೈವರ್ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಸೈಕಲ್ ನಿಲ್ಲಿಸಿ ತೋರಿಸುತ್ತಿದ್ದರು. ನಮ್ಮ ಹೈಸ್ಕೂಲ್ ಮೈದಾನಗಳಲ್ಲೂ ಇದನ್ನು ಅರ್ಧ ದಿನದಲ್ಲಿ ಮಾಡಬಹುದು.

ಅಪಘಾತ ನಡೆದ ಮೇಲೆ ತಿಳಿದಿರಬೇಕಾದ ಒಂದು ವಿಷಯ. ಗುದ್ದಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೂ ಪರಿಹಾರ ಇದೆ. 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಕೂಲಿ ಮಾಡುವ ಎಷ್ಟೋ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇದೆ. ಅಪಘಾತದ ಜಾಗ, ವಾಹನ, ಫೋಟೋ ಸಮೇತ ದಾಖಲಿಸುವ ಐರಾಡ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಾರಿಯ ಯಾವ ಭಾಗ ತಾಗಿತು, ಅದು ನೇರ ಹೋಗುತ್ತಿತ್ತೇ, ಎಡಕ್ಕೆ ತಿರುಗುತ್ತಿತ್ತೇ ಎಂಬ ಎರಡು ವಿವರವನ್ನು ಸಮಿತಿ ಪ್ರತಿ ಸೈಕಲ್ ಅಪಘಾತದಲ್ಲೂ ಕೇಳಲಿ. ‘ಅಜಾಗರೂಕ ಚಾಲನೆ’ ಎಂದು ಬರೆದು ಫೈಲ್ ಮುಚ್ಚಿದರೆ ಯಾವ ತಿರುವನ್ನು ಸರಿಮಾಡಬೇಕು ಎಂದು ಯಾರಿಗೂ ತಿಳಿಯುವುದಿಲ್ಲ.

ದೆಹಲಿಯ ನಿಯಮಕ್ಕೆ ಕಾಯದೆ ಆಗುವ ಕೆಲಸವೂ ಒಂದಿದೆ. ಮಹಾನಗರ ಪಾಲಿಕೆಯ ಕಸದ ಲಾರಿಗಳು, ನೀರಿನ ಟ್ಯಾಂಕರುಗಳು, ರಸ್ತೆ ಕಾಮಗಾರಿಯ ಟಿಪ್ಪರುಗಳು ದಿನವಿಡೀ ಊರೊಳಗೇ ಓಡುತ್ತವೆ. ಅವು ಓಡುವುದು ಸರ್ಕಾರದ ಟೆಂಡರ್ ಮೇಲೆ. ಲಂಡನ್‌ನಲ್ಲಿ ಕ್ರಾಸ್‌ರೈಲ್ ಎಂಬ ರೈಲು ಮಾರ್ಗದ ಸುರಂಗ ಕಟ್ಟುವಾಗ ಸೈಡ್ ಗಾರ್ಡ್, ಸೆನ್ಸರ್, ಡ್ರೈವರ್ ತರಬೇತಿ ಇಲ್ಲದ ಲಾರಿಗೆ ಕೆಲಸದ ಜಾಗಕ್ಕೆ ಪ್ರವೇಶವೇ ಇರಲಿಲ್ಲ. ನಮ್ಮ ಟೆಂಡರಿನಲ್ಲೂ ನಾಲ್ಕು ಸಾಲು ಸೇರಿಸಬಹುದು: ಎರಡೂ ಕಡೆ ಗಟ್ಟಿ ಸೈಡ್ ಗಾರ್ಡ್, ಎಡ ಬಾಗಿಲ ಮೇಲೆ ಕೆಳಮುಖದ ಕನ್ನಡಿ, ಎಡಗಡೆ ಒಂದು ಕ್ಯಾಮೆರಾ, ಊರೊಳಗೆ ಓಡುವಾಗ ಎಡ ಸೀಟಿನಲ್ಲಿ ಒಬ್ಬ ಕ್ಲೀನರ್. ಇವು ಇಲ್ಲದ ಗಾಡಿಯ ಬಿಲ್ ಪಾಸ್ ಮಾಡಬಾರದು.